ಗಾಲಿಗೆ ಇಟ್ಟ ಲಿಂಬೆಹಣ್ಣು

ಹೋದ ಶ್ರಾವಣದಲ್ಲಿ ತಂಗಿಯ ಮಗ ಭಾಂಡುಪ್‌ನಲ್ಲಿ ತೆಗೆದುಕೊಂಡ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಗೆ ಮಳೆ ಹುಯ್ಯುತ್ತಿತ್ತು. ಬಿಲ್ಡಿಂಗಿನ ಬಾಗಿಲಲ್ಲಿ ಹೊಳೆಯುವ ಕಲ್ಲಿನ ನೆಲ ಕೊಳೆಯಾಗಬಾರದೆಂದು ವಾಚ್‌ಮನ್ ಹಳೆಯ ಗೋಣಿಚೀಲ ಹಾಸಿದ್ದ. ಬಂದವರೆಲ್ಲ ಕಾಲು ಒರೆಸಿ ಒರೆಸಿ ಅದು ತೊಯ್ದು ತೊಪ್ಪೆಯಾಗಿತ್ತು. ಅದರ ಮೇಲೆ ಕಾಲಿಟ್ಟೆನೋ ಇಲ್ಲವೋ, ವಾಸನೆ ಮೂಗಿಗೆ ಬಡಿಯಿತು. ಒದ್ದೆ ಗೋಣಿ, ಅದಕ್ಕೆ ಯಾವುದೋ ಸ್ಕೂಟರಿನಿಂದ ಸೋರಿದ ಎಣ್ಣೆ. ಲಿಫ್ಟಿನಲ್ಲಿ ಮೇಲೆ ಹೋಗಿ ಊಟಕ್ಕೆ ಕೂತರೂ ಅದು ಬಿಡಲಿಲ್ಲ, ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ‘ಮಾಮಾ, ಶುಗರ್ ಇದೆಯಾ?’ ಎಂದು ಸೊಸೆ ಕೇಳಿದಳು. ಇಲ್ಲವ್ವ, ನಿಮ್ಮ ಬಾಗಿಲಿನ ಗೋಣಿಚೀಲ ಎಂದು ಹೇಳಲಾಗುತ್ತದೆಯೆ? ಹೌದು ಎಂದುಬಿಟ್ಟೆ.

ಎಪ್ಪತ್ತರ ದಶಕದ ಶುರುವಿನ ಒಂದು ಮಳೆಗಾಲವನ್ನು ನಾನು ಇದೇ ಭಾಂಡುಪ್‌ನಲ್ಲಿ, ಇಂಥದೇ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಳೆದಿದ್ದೇನೆ. ರೈಲು ಹಳಿಗೂ ದೊಡ್ಡ ರಸ್ತೆಗೂ ನಡುವೆ ಬಾಳಣ್ಣನ ಗ್ಯಾರೇಜಿತ್ತು. ಗ್ಯಾರೇಜೆಂದರೆ ತಗಡಿನ ಮಾಡು, ಒಂದು ಗೋಡೆ, ಉಳಿದ ಮೂರು ಕಡೆ ಮಳೆ. ಬಾಳಣ್ಣ ಚಿಕ್ಕೋಡಿ ಕಡೆಯವನು, ನಾನು ಹುಬ್ಬಳ್ಳಿ ಕಡೆಯವನು. ಬಸ್ ಡಿಪೊದಲ್ಲಿ ಮುಂದಿನ ಗಾಲಿ, ಸ್ಟೇರಿಂಗಿನ ಕೆಲಸ ಕಲಿತವನು ಸಿಕ್ಕಿದ ಎಂದು ನನ್ನನ್ನು ಕೈಹಿಡಿದು ಕರೆದುಕೊಂಡು ಬಂದಿದ್ದ. ಮನುಷ್ಯ ಕೆಟ್ಟವನಲ್ಲ. ಮಧ್ಯಾಹ್ನ ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡದೆ ಎಂದೂ ಉಂಡವನಲ್ಲ. ಆದರೆ ಆ ಜಾಗವಿತ್ತಲ್ಲ, ಅದನ್ನು ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಹಿಂದಿನ ಗಟಾರ ಮೊದಲನೇ ಮಳೆಗೇ ಉಕ್ಕಿ ಒಳಗೆ ಬರುತ್ತಿತ್ತು. ಅದರ ಮೇಲೆ ಎಣ್ಣೆ ತೇಲುತ್ತಿತ್ತು, ಎಣ್ಣೆಯ ಮೇಲೆ ಬೀಡಿ ತುಂಡು, ಒಮ್ಮೊಮ್ಮೆ ಸತ್ತ ಇಲಿ. ಅದರಲ್ಲೇ ಗೋಣಿ ಹಾಸಿ ಲಾರಿಯ ಕೆಳಗೆ ತೂರಬೇಕು. ಮೇಲಿನಿಂದ ಕೆಸರು ಕರಗಿ ಬಾಯಿಗೆ ಬೀಳುತ್ತದೆ. ಭಾನುವಾರ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತರೆ, ಎರಡೆರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಹೋಗಿದ್ದರೂ ಪಕ್ಕದವರು ಎಲೆ ಸರಿಸಿಕೊಳ್ಳುತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ. ನನಗೇ ನನ್ನ ವಾಸನೆ ಸಹಿಸುವುದಕ್ಕಾಗುತ್ತಿರಲಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದವು ರಸ್ತೆ ಕಾಣದ ಲಾರಿಗಳು. ಮಿಲಿಟರಿಯವರು ಹರಾಜು ಹಾಕಿದ ನಾಲ್ಕೂ ಗಾಲಿ ಎಳೆಯುವ ಹಳೇ ಗಾಡಿಗಳನ್ನು ಕೊಂಡು, ಹಿಂದೆ ಕಲ್ಲು ಸುರಿಯುವ ತೊಟ್ಟಿ ಕೂಡಿಸಿ, ಪವಾಯಿ ಗುಡ್ಡದ ಕಲ್ಲಿನ ಗಣಿಗಳಲ್ಲಿ ಓಡಿಸುತ್ತಿದ್ದರು. ಗುಡ್ಡದ ಮೇಲಿಂದ ಕಲ್ಲು ತುಂಬಿಕೊಂಡು ಕೆಳಗಿನ ಕ್ರಷರಿಗೆ ಇಳಿಯುವುದು, ಮತ್ತೆ ಹತ್ತುವುದು, ಇಷ್ಟೇ ಅವುಗಳ ಪ್ರಪಂಚ. ಬಂಡೆಗೆ ಮೂತಿ ಗುದ್ದುತ್ತವೆ, ಗುಂಡಿಗೆ ಗಾಲಿ ಬೀಳುತ್ತದೆ, ಸ್ಪ್ರಿಂಗಿನ ಪಾಟಾ ಮುರಿಯುತ್ತದೆ. ಅಲ್ಲಿ ಇನ್ಸ್‌ಪೆಕ್ಟರೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಗಾಡಿ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡುವವನು ನಾನೊಬ್ಬನೇ.

ಆ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ಮುಂದಿನ ಗಾಲಿ ಎತ್ತಿ ಸಬ್ಬಲ್ಲಿನಿಂದ ಅಲ್ಲಾಡಿಸಿ, ಗಾಲಿ ತಿರುಗುವ ಗೂಟ, ಕಿಂಗ್‌ಪಿನ್, ಸವೆದಿದೆಯೇ ನೋಡಬೇಕು. ಎರಡೂ ಗಾಲಿಗಳ ನಡುವಿನ ಅಂತರ ಮುಂದೆಷ್ಟು, ಹಿಂದೆಷ್ಟು ಎಂದು ಅಳೆದು, ಎರಡನ್ನೂ ಜೋಡಿಸುವ ಟೈ ರಾಡ್ ತಿರುಗಿಸಬೇಕು. ಆಮೇಲೆ ಇಡೀ ಗಾಡಿ ಚೌಕವಾಗಿದೆಯೇ ಎಂದು ನೋಡುವುದು. ಗಾರೆ ಕೆಲಸದವರ ತೂಕದ ಗುಂಡನ್ನು ನಾಲ್ಕೂ ಗಾಲಿಗಳ ನಡುಬಿಂದುವಿನಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡು, ಗಾಡಿಯನ್ನು ಆಚೆ ತಳ್ಳಿ, ಗುರುತಿನಿಂದ ಗುರುತಿಗೆ ದಾರ ಎಳೆಯಬೇಕು. ಎಡಬದಿ ಬಲಬದಿ ಸಮ ಇರಬೇಕು, ಮೂಲೆಯಿಂದ ಮೂಲೆಗೂ ಸಮ ಇರಬೇಕು. ಇಂಚು ಫೂಟು ಏನೂ ಬೇಕಿಲ್ಲ, ಒಂದೇ ದಾರ ಎರಡೂ ಕಡೆ ಹೊಂದಿದರಾಯಿತು. ಹೊಂದದಿದ್ದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಚಾಸಿಯೇ ಓರೆಯಾಗಿದೆ ಎಂದರ್ಥ. ಆಗ ಗಾಡಿಯನ್ನು ಪೂರ್ತಿ ಬಿಚ್ಚಿ, ರಿವಿಟ್ಟು ಕಡಿದು, ಚಾಸಿ ಎಳೆದು ನೆಟ್ಟಗೆ ಮಾಡಬೇಕು. ವಾರಗಟ್ಟಲೆ ಗಾಡಿ ನಿಲ್ಲುತ್ತದೆ. ಹಾಗೆ ನಿಲ್ಲುವುದು ಯಾರಿಗೂ ಬೇಕಿರಲಿಲ್ಲ.

ಅದಕ್ಕೇ ಇರಬೇಕು, ಆ ಗ್ಯಾರೇಜಿನಲ್ಲಿ ನನಗಿಂತ ದೊಡ್ಡ ಪರೀಕ್ಷಕ ಒಬ್ಬನಿದ್ದ. ಲಿಂಬೆಹಣ್ಣು. ರಿಪೇರಿಯಾದ ಗಾಡಿ ಹೊರಡುವ ಮೊದಲು ಮುಂದಿನ ಎರಡೂ ಗಾಲಿಗೆ ಒಂದೊಂದು ಲಿಂಬೆಹಣ್ಣು ಇಟ್ಟು ಹತ್ತಿಸುವುದು ಎಲ್ಲ ಕಡೆ ಇರುವ ರೂಢಿ. ನನ್ನದೇನೂ ತಕರಾರಿರಲಿಲ್ಲ. ಬಾಳಣ್ಣನ ಗ್ಯಾರೇಜಿನಲ್ಲಿ ಅದಕ್ಕೊಂದು ಬಾಲ ಬೆಳೆದಿತ್ತು. ಎರಡು ಹಣ್ಣೂ ಒಟ್ಟಿಗೆ ಒಡೆದರೆ ಗಾಡಿ ನೆಟ್ಟಗಿದೆ, ಒಂದು ಮೊದಲು ಒಂದು ಆಮೇಲೆ ಒಡೆದರೆ ಸೊಟ್ಟಗಿದೆ. ಹಣ್ಣನ್ನು ಟೈರಿಗೆ ತಾಗಿಸಿಯೇ ಇಡುತ್ತಿದ್ದರು. ತಾಗಿಸಿಟ್ಟ ಹಣ್ಣು ಒಟ್ಟಿಗೆ ಒಡೆಯದೆ ಮತ್ತೇನು ಮಾಡೀತು? ಎಷ್ಟು ಸೊಟ್ಟ ಗಾಡಿಯಾದರೂ ಪಚಕ್ಕೆಂದು ಎರಡೂ ಒಡೆಯುತ್ತಿದ್ದವು. ‘ನೋಡಿದಿ?’ ಎಂದು ಬಾಳಣ್ಣ ನನ್ನತ್ತ ನೋಡಿ ನಗುತ್ತಿದ್ದ. ಗಣಿಯ ಕಂಟ್ರಾಕ್ಟರ್ ಕೈ ಮುಗಿಯುತ್ತಿದ್ದ. ಡ್ರೈವರುಗಳು ಗಾಡಿ ಹತ್ತುತ್ತಿದ್ದರು. ಒಡೆದ ಹಣ್ಣುಗಳನ್ನು ಯಾರೂ ತೆಗೆಯುತ್ತಿರಲಿಲ್ಲ. ಅವು ಅಂಗಳದ ಕೆಸರಿನಲ್ಲಿ ಕೊಳೆತು, ಬೂಷ್ಟು ಹಿಡಿದು, ನುಸಿ ಮುತ್ತಿ, ಆ ಹುಳಿ ನಾತವೂ ಗಟಾರದ ನಾತಕ್ಕೆ ಸೇರಿಕೊಳ್ಳುತ್ತಿತ್ತು.

ರಾಜೇಸಾಬರ ಗಾಡಿ ಬಂದದ್ದು ಮಳೆ ಚೆನ್ನಾಗಿ ಹಿಡಿದ ಮೇಲೆ. ರಾಜೇಸಾಬರು ವಿಜಾಪುರದ ಕಡೆಯ ಹಿರಿಯ ಡ್ರೈವರು, ಗಡ್ಡ ಅರ್ಧ ಬೆಳ್ಳಗಾದವರು. ಗಣಿಯವರೇ ಕೊಟ್ಟ ಖೋಲಿಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳೊಂದಿಗೆ ಇದ್ದರು. ನೌಕರಿ ಹೋದರೆ ಆ ಮಳೆಯಲ್ಲಿ ಖೋಲಿಯೂ ಹೋಗುತ್ತಿತ್ತು. ಅಷ್ಟಿದ್ದೂ ಈ ಗಾಡಿ ಹೊಡೆಯುವುದಿಲ್ಲ ಎಂದು ಗಟ್ಟಿಯಾಗಿ ಕೂತಿದ್ದರು.

‘ಎಡಕ್ಕ ಎಳಿತದ ವೀರಭದ್ರಪ್ಪ,’ ಎಂದರು. ‘ಖಾಲಿ ಇದ್ದಾಗ ಹೆಂಗೋ ಹಿಡಿಬಹುದು. ಕಲ್ಲ ತುಂಬಿ ಇಳಿಯುವಾಗ ಬ್ರೇಕ್ ಒತ್ತಿದ್ರ ಎಡಕ್ಕ ಜಗ್ಗತದ. ಎಡಕ್ಕ ಏನದ ಹೇಳು? ಹಳೇ ಗಣಿ ಕುಣಿ ಅದ, ನೀರ ತುಂಬಿ ನಿಂತದ. ನನಗ ಈಸಾಕ ಬರೂದಿಲ್ಲ.’

ಕಂಟ್ರಾಕ್ಟರು ಛತ್ರಿಯ ಕೆಳಗೆ ನಿಂತು ಪಾನ್ ಅಗಿಯುತ್ತಿದ್ದ. ‘ಗಾಡೀ ಸೀಧೀ ಹೈ, ಇಸ್‌ಕಾ ಹಾಥ್ ಟೇಢಾ ಹೈ,’ ಎಂದ. ಗಾಡಿ ನೆಟ್ಟಗಿದೆಯಂತೆ, ರಾಜೇಸಾಬರ ಕೈ ಸೊಟ್ಟಗಿದೆಯಂತೆ. ಹೇಳಿ, ಪಿಚಕ್ಕೆಂದು ನಮ್ಮ ಕಂಬಕ್ಕೆ ಉಗುಳಿದ. ಅದೇ ಕಂಬಕ್ಕೆ ಒರಗಿ ನಾವು ಊಟ ಮಾಡುತ್ತಿದ್ದೆವು.

ನಾನು ಗಾಡಿಯ ಕೆಳಗೆ ಹೋದೆ. ಕಿಂಗ್‌ಪಿನ್ ಸರಿ ಇತ್ತು, ಟೈ ರಾಡ್ ಸರಿ ಇತ್ತು. ಗುಂಡು ಇಳಿಬಿಟ್ಟು, ಗುರುತು ಹಾಕಿ, ದಾರ ಎಳೆದೆ. ಎಡಗಡೆ ದಾರ ಮೂರು ಬೆರಳಿನಷ್ಟು ಉಳಿಯಿತು. ಯಾವಾಗಲೋ ಎಡ ಮೂತಿ ಬಂಡೆಗೆ ಗುದ್ದಿ ಚಾಸಿಯ ಎಡ ತೊಲೆಯೇ ಹಿಂದಕ್ಕೆ ಸರಿದಿತ್ತು. ಮುಂದಿನ ಎಡಗಾಲಿ ಬಲಗಾಲಿಗಿಂತ ಹಿಂದಿತ್ತು. ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಎಡಕ್ಕೇ ಮುಖ ಮಾಡಿಕೊಂಡು ನಿಲ್ಲುವಂಥ ಸ್ಥಿತಿ. ಬಾಳಣ್ಣನನ್ನು ಕರೆದು ದಾರ ತೋರಿಸಿದೆ.

‘ಕಾಣಿಸ್ತೈತಿ,’ ಎಂದ ಬಾಳಣ್ಣ, ದನಿ ತಗ್ಗಿಸಿ. ‘ಆದ್ರ ಈಗ ಬಿಚ್ಚಂದ್ರ ಅಂವ ಗಾಡಿ ತಗೊಂಡು ಬ್ಯಾರೆ ಗ್ಯಾರೇಜಿಗೆ ಹೊಕ್ಕಾನ. ಅಲ್ಲಿ ದಾರಾ ಹಿಡ್ಯಾಂವನೂ ಇರೂದಿಲ್ಲ. ಟೈ ರಾಡ್ ಒಂದೆರಡ ಸುತ್ತ ತಿರುವು. ಲಿಂಬಿಹಣ್ಣ ಇಡೂನು.’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಇನ್ನೂ ಅಸಹ್ಯವಾಯಿತು. ಆ ಹೊತ್ತಿಗೆ ನನ್ನ ತಲೆಗೆ ಸಿಟ್ಟು ಏರಿತ್ತು. ಆಯಿತು, ಲಿಂಬೆಹಣ್ಣೇ ಇಡೋಣ, ನಾನೇ ಇಡುತ್ತೇನೆ ಎಂದೆ. ಗಾಡಿಯನ್ನು ಮಾಡಿನ ಕೆಳಗಿನ ಒಣ ನೆಲಕ್ಕೆ ತಂದು ನಿಲ್ಲಿಸಿದೆವು. ಹಿಂದಿನ ಎರಡೂ ಗಾಲಿಗಳಿಂದ ಒಂದೇ ಉದ್ದದ ದಾರ ಹಿಡಿದು ಮುಂದೆ ಬಂದು, ಮೂಲೆಗಳನ್ನೂ ತಾಳೆ ನೋಡಿ, ಮುಂದಿನ ಗಾಲಿಗಳ ಎದುರು ಅಡ್ಡಗೆರೆ ಎಳೆದೆ. ಆ ಗೆರೆಯ ಮೇಲೆ ಹಣ್ಣಿಟ್ಟೆ. ಬಲಗಾಲಿಗೆ ಹಣ್ಣು ತಾಗಿಕೊಂಡಿತ್ತು. ಎಡಗಾಲಿಗೂ ಅದರ ಹಣ್ಣಿಗೂ ನಡುವೆ ಮೂರು ಬೆರಳು ತೂರುವಷ್ಟು ಜಾಗ. ಕಂಟ್ರಾಕ್ಟರನ್ನು ಕರೆದು ಮುಂದೆ ನಿಲ್ಲಿಸಿಕೊಂಡೆ. ರಾಜೇಸಾಬರು ಬಿಸ್ಮಿಲ್ಲಾ ಎಂದು ಗಾಡಿಯನ್ನು ಮೆಲ್ಲನೆ ಮುಂದಕ್ಕೆ ಬಿಟ್ಟರು. ಬಲಗಡೆಯ ಹಣ್ಣು ಒಡೆಯಿತು. ‘ನಿಲ್ಲಸ್ರಿ,’ ಎಂದೆ. ಎಡಗಡೆಯ ಹಣ್ಣು ಹಾಗೇ, ಇಟ್ಟದ್ದು ಇಟ್ಟಂತೆ ಕೂತಿತ್ತು.

ಕಂಟ್ರಾಕ್ಟರನ ದವಡೆ ಪಾನ್ ಅಗಿಯುವುದನ್ನು ಬಿಟ್ಟಿತು. ಬಾಳಣ್ಣನ ಮುಖ ಬಿಳಿಚಿತು. ಈಗಲಾದರೂ ಗೊತ್ತಾಯಿತಲ್ಲ ಎಂದುಕೊಂಡೆ. ಚಾಸಿ ಎಲ್ಲಿ ಬಾಗಿದೆ, ಯಾವ ರಿವಿಟ್ಟು ಕಡಿಯಬೇಕು ಎಂದು ಹೇಳಲು ಬಾಯಿ ತೆರೆದೆ. ಕಂಟ್ರಾಕ್ಟರ್ ನನ್ನ ಮಾತಿನ ಕಡೆಗೆ ಲಕ್ಷ್ಯವನ್ನೇ ಕೊಡಲಿಲ್ಲ. ಒಡೆದ ಹಣ್ಣನ್ನು ನೋಡಿದ, ಅದರ ಮೇಲಿದ್ದ ಡ್ರೈವರಿನ ಸೀಟು ನೋಡಿದ, ಸೀಟಿನಲ್ಲಿದ್ದ ರಾಜೇಸಾಬರನ್ನು ನೋಡಿದ. ಡ್ರೈವರಿನ ಬದಿಯದು ಮಾತ್ರ ಒಡೆದಿದೆ ಎಂದರೆ ದೋಷ ಡ್ರೈವರಿನದು, ಈ ಗಾಡಿಗೆ ಈ ಕೈ ಕೂಡಿಬರುವುದಿಲ್ಲ ಎಂದು ತೀರ್ಮಾನ ಕೊಟ್ಟ. ‘ಡ್ರೈವರ್ ಬದಲ್ ದೋ.’

ನಾನು ನಗಬೇಕೋ ಹೊಡೆಯಬೇಕೋ ತಿಳಿಯದೆ ನಿಂತೆ. ಬಾಳಣ್ಣ ಹೌದು ಹೌದು ಎನ್ನುತ್ತಿದ್ದ. ರಾಜೇಸಾಬರ ಕಡೆ ನೋಡಿದೆ. ಅವರು ಸ್ಟೇರಿಂಗಿಗೆ ಕಟ್ಟಿದ್ದ ದರ್ಗಾದ ದಾರವನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

‘ನನ್ನ ಜೀವಾ ಉಳಿಸಿದಿ ತಮ್ಮಾ. ನಿನ್ನ ಕೈಯಾಗ ಏನೋ ಅದ.’

‘ನನ್ನ ಕೈಯಾಗ ಏನೂ ಇಲ್ರಿ. ಗಾಡಿ ಸೊಟ್ಟ ಐತಿ,’ ಎಂದೆ.

‘ಹೌದಪಾ, ಹೌದು,’ ಎಂದರು. ಆ ಹೌದು ನನ್ನನ್ನು ಸಮಾಧಾನ ಮಾಡುವುದಕ್ಕೆ ಆಡಿದ ಮಾತು. ಅವರಿಗೆ ಅದೇ ದಿನ ಬೇರೆ ಗಾಡಿ ಸಿಕ್ಕಿತು. ಖೋಲಿ ಉಳಿಯಿತು.

ಸೊಟ್ಟ ಗಾಡಿಗೆ ಬಂದವನು ಭೀಮಸಿ. ಇಂಡಿ ತಾಲೂಕಿನ ಹುಡುಗ, ಮದುವೆಯಾಗಿ ವರ್ಷವಾಗಿರಲಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಹೊಡೆದು, ಮುಂಬೈಯಲ್ಲಿ ಗಾರೆ ಹೊತ್ತು, ಕಡೆಗೆ ಲಾರಿ ಸಿಕ್ಕಿತೆಂದು ಮುಖದ ತುಂಬ ನಗು ಇಟ್ಟುಕೊಂಡು ಬಂದಿದ್ದ. ಗಾಡಿಯ ಮೂತಿಗೆ ಅರಿಶಿಣ ಬಳಿದರು. ಊದುಬತ್ತಿ ಹಚ್ಚಿದರು. ಬಾಳಣ್ಣ ತಟ್ಟೆಯಲ್ಲಿ ಎರಡು ಹಣ್ಣು ತಂದು ನನ್ನ ಮುಂದೆ ಹಿಡಿದ. ‘ನೀನ ಇಡು, ನಿಂದ ಪದ್ಧತಿಲೆ ಇಡು. ಎಲ್ಲಾರಿಗೂ ನಿನ್ನ ಮ್ಯಾಲ ವಿಶ್ವಾಸ ಬಂದೈತಿ.’

‘ನಾ ಫಿಟ್ಟರ್ ಅದೀನಿ, ಪೂಜಾರಿ ಅಲ್ಲ,’ ಎಂದೆ. ‘ಆ ಹೊಲಸಿಗೆ ಇನ್ನೊಮ್ಮೆ ಕೈ ಹಚ್ಚೂದಿಲ್ಲ.’

ಬಾಳಣ್ಣ ತಾನೇ ಇಟ್ಟ. ಟೈರಿಗೆ ತಾಗಿಸಿ ಇಟ್ಟ. ಎರಡೂ ಒಟ್ಟಿಗೆ ಒಡೆದವು. ಕಂಟ್ರಾಕ್ಟರ್ ಪೇಡೆ ಹಂಚಿಸಿದ. ನಾನು ಭೀಮಸಿಯನ್ನು ಪಕ್ಕಕ್ಕೆ ಕರೆದೆ. ಮಾಡಿನ ಕೆಳಗೆ ನೆಲದ ಗುರುತು ಇನ್ನೂ ಅಳಿಸಿರಲಿಲ್ಲ. ದಾರದ ಒಂದು ತುದಿ ಅವನ ಕೈಗೆ ಕೊಟ್ಟು ಒಂದೊಂದು ಬದಿಯನ್ನೂ ಹಿಡಿದು ತೋರಿಸಿದೆ. ಎಡಗಡೆ ಉಳಿಯುವ ಮೂರು ಬೆರಳು ತೋರಿಸಿದೆ. ಇಳಿಜಾರಿನಲ್ಲಿ ಏನಾಗುತ್ತದೆ ಎಂದು ಹೇಳಿದೆ. ಅವನು ಬಗ್ಗಿ ನೋಡಿದ. ಮರ್ಯಾದೆಯಿಂದ ತಲೆದೂಗಿದ.

‘ರಾಜೇಸಾಬ್ ಚಾಚಾನೂ ಹೇಳ್ಯಾರ್ರಿ ಅಣ್ಣಾರ. ಬಲಕ್ಕ ಸ್ವಲ್ಪ ಜಗ್ಗಿ ಹಿಡದ ಹೊಡಿ ಅಂದಾರ.’

ರಾಜೇಸಾಬರ ಬಗ್ಗೆ ನನಗೆ ಆ ಗಳಿಗೆಯಲ್ಲಿ ಹುಟ್ಟಿದ ಹೇಸಿಗೆಯನ್ನು ಹೇಗೆ ಹೇಳಲಿ! ಈಸು ಬರುವುದಿಲ್ಲ ಎಂದು ಹಟ ಹಿಡಿದು ಕೂತವರು, ಇವನಿಗೆ ಈಸು ಬರುತ್ತದೆಯೇ ಎಂದು ಕೇಳಿರಲಿಲ್ಲ. ‘ಹಿಡದ ಹೊಡಿಯೂ ಮಾತಲ್ಲ ಇದು,’ ಎಂದೆ. ‘ಗಾಡಿ ಹತ್ತಬ್ಯಾಡ. ಆಗೂದಿಲ್ಲ ಅಂತ ಹೇಳು.’

‘ಲಿಂಬಿಹಣ್ಣ ಎರಡೂ ಕೂಡೇ ಒಡದಾವಲ್ರಿ,’ ಎಂದ ಭೀಮಸಿ.

ನನಗೆ ರೇಗಿಹೋಯಿತು. ನನ್ನ ಮುಂದೆ ಆ ಹಣ್ಣಿನ ಮಾತೆತ್ತಬೇಡ ಎಂದು ಬೈದು, ದಾರ ಸುತ್ತಿಕೊಂಡು ಒಳಗೆ ಹೋದೆ. ಗಾಡಿ ಹೊರಟ ಸದ್ದು ಕೇಳಿಸಿತು. ಹಿಂದೆ ನಿಂತು ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಹಿಂದಿನ ಗಾಲಿಗಳು ಒಂದು ಜಾಡಿನಲ್ಲಿ, ಮುಂದಿನವು ಒಂದು ಜಾಡಿನಲ್ಲಿ, ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತು. ಯಾರೂ ಹಿಂದೆ ನಿಂತು ನೋಡಲಿಲ್ಲ, ಎಲ್ಲರೂ ಪೇಡೆ ತಿನ್ನುತ್ತಿದ್ದರು.

ಆಮೇಲೆ ಕೆಲವು ದಿನ ಮಳೆ ಬಿಡುವು ಕೊಟ್ಟಿತು. ಗಾಡಿ ಓಡುತ್ತಿದೆ, ಭೀಮಸಿ ಚೆನ್ನಾಗಿ ಹೊಡೆಯುತ್ತಾನೆ ಎಂದು ಸುದ್ದಿ ಬರುತ್ತಿತ್ತು. ಬಾಳಣ್ಣ ಅದನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದ. ನಾನೂ, ಇರಬಹುದು, ಜನ ಹೇಗೆ ಹೇಗೋ ಬದುಕಿಕೊಳ್ಳುತ್ತಾರೆ ಎಂದುಕೊಂಡೆ. ಕೆಲಸ ಬಿಟ್ಟು ಹೋಗಬೇಕೆಂದು ದಿನಾ ಅನ್ನಿಸುತ್ತಿತ್ತು. ಹೋಗಲು ಬೇರೆ ಜಾಗವಿರಲಿಲ್ಲ.

ಮತ್ತೆ ಮಳೆ ಹಿಡಿಯಿತು, ಲೋಕಲ್ ನಿಂತುಹೋಗುವಂಥ ಮಳೆ. ಇಳಿಜಾರಿನ ಕಲ್ಲುಪುಡಿ ನೆನೆದು ಸಗಣಿಯಂತಾಗಿತ್ತಂತೆ. ತುಂಬಿದ ಗಾಡಿ ಇಳಿಸುವಾಗ ಎದುರಿಗೆ ಕೂಲಿ ಹೆಂಗಸರು ಬುಟ್ಟಿ ಹೊತ್ತು ಅಡ್ಡ ಬಂದರು, ಭೀಮಸಿ ಬ್ರೇಕ್ ಒತ್ತಿದ. ಗಾಡಿ ಎಡಕ್ಕೆ ತಿರುಗಿತು. ಕುಣಿಗೆ ಪೂರ್ತಿ ಬೀಳಲಿಲ್ಲ, ಅಂಚಿನ ಬಂಡೆಗೆ ತಗುಲಿ ಮಗ್ಗುಲಾಯಿತು. ಹೆಂಗಸರಿಗೆ ಏನೂ ಆಗಲಿಲ್ಲ. ಭೀಮಸಿಯ ಬಲಗಾಲು ಸ್ಟೇರಿಂಗಿನ ಕಂಬಕ್ಕೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತು. ಬಾಗಿಲು ಕತ್ತರಿಸಲು ನನ್ನನ್ನೇ ಕರೆದೊಯ್ದರು. ಅಲ್ಲಿ ಕಂಡದ್ದನ್ನು ಬರೆಯಲಾರೆ. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಗಾಡಿಯನ್ನು ಎಳೆದು ತಂದು ನಮ್ಮ ಅಂಗಳದಲ್ಲೇ ನಿಲ್ಲಿಸಿದರು. ಕಂಟ್ರಾಕ್ಟರ್ ಛತ್ರಿ ಹಿಡಿದು ಬಂದ. ಈ ಸಲವಾದರೂ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ಅವನು ಬಂದವನೇ ನನ್ನ ಕಾಲು ಮುಟ್ಟಲು ಬಗ್ಗಿದ. ನೀನಿಟ್ಟ ಹಣ್ಣೇ ನಿಜ ಹೇಳಿತ್ತು, ಆಮೇಲೆ ಇಟ್ಟದ್ದು ಸುಳ್ಳು ಹೇಳಿತು, ಇನ್ನು ಮೇಲೆ ನನ್ನ ಎಲ್ಲ ಗಾಡಿಗಳಿಗೂ ನೀನೇ ಇಡಬೇಕು ಎಂದ. ನಿನ್ನ ಹಣ್ಣು ಬೇಡ ಎಂದ ಗಾಡಿಯನ್ನು ಬಿಚ್ಚಿಸುತ್ತೇನೆ, ವಾರವಾಗಲಿ ತಿಂಗಳಾಗಲಿ ನಿಲ್ಲಿಸುತ್ತೇನೆ ಎಂದ. ಕಾಲು ಹಿಂದಕ್ಕೆಳೆದುಕೊಂಡೆ. ದಾರಕ್ಕೆ, ಗುಂಡಿಗೆ, ನನ್ನ ಬಾಯಿಮಾತಿಗೆ ಬಿಚ್ಚದ ಗಾಡಿಯನ್ನು ಈ ಮನುಷ್ಯ ಒಂದು ಹಣ್ಣಿಗೆ ಬಿಚ್ಚುತ್ತಾನಂತೆ. ಅವನ ಮುಖಕ್ಕೆ ಉಗಿದು ಸ್ಟೇಷನ್ನಿನ ದಾರಿ ಹಿಡಿಯಬೇಕಿತ್ತು. ಆದರೆ ಗುಡ್ಡದ ಮೇಲೆ ಇನ್ನೂ ಅಷ್ಟು ಗಾಡಿಗಳಿದ್ದವು, ಅಷ್ಟೂ ಗಾಡಿಗಳಲ್ಲಿ ಯಾರು ಯಾರೋ ಕೂತಿದ್ದರು.

ಇಟ್ಟೆ. ಗೌರಿ ಗಣೇಶ ಮುಗಿಯುವವರೆಗೂ ಒಂದೊಂದೇ ಗಾಡಿ ಗುಡ್ಡದಿಂದ ಇಳಿದು ನಮ್ಮ ಅಂಗಳಕ್ಕೆ ಬಂತು. ಬಾಳಣ್ಣ ತಟ್ಟೆ ಹಿಡಿದು ನಿಲ್ಲುತ್ತಿದ್ದ. ನಾನು ದಾರ ಎಳೆದು, ಗೆರೆ ಹಾಕಿ, ಗೆರೆಯ ಮೇಲೆ ಹಣ್ಣಿಡುತ್ತಿದ್ದೆ. ದಾರಕ್ಕೆ ಕುಂಕುಮ ಹಚ್ಚಿದರು, ಬೇಡ ಎನ್ನಲಿಲ್ಲ. ತೂಕದ ಗುಂಡಿಗೆ ಹೂ ಸುತ್ತಿದರು, ಸುತ್ತಿಕೊಳ್ಳಲಿ ಎಂದು ಬಿಟ್ಟೆ. ಸೊಟ್ಟಗಿದ್ದ ಗಾಡಿಗಳೆಲ್ಲ ಸಿಕ್ಕಿಬಿದ್ದವು. ಎಲ್ಲವನ್ನೂ ಬಿಚ್ಚಿದೆವು, ಎಳೆದೆವು, ನೆಟ್ಟಗೆ ಮಾಡಿದೆವು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಕೆಲಸ ಮತ್ತೆಂದೂ ಮಾಡಲಿಲ್ಲ. ಅಷ್ಟು ಅಸಹ್ಯಪಟ್ಟುಕೊಂಡೂ ಮಾಡಲಿಲ್ಲ. ಡ್ರೈವರುಗಳು ಗಾಡಿ ಹತ್ತುವ ಮೊದಲು ನನ್ನ ಮುಂದೆ ತಲೆ ಬಾಗುತ್ತಿದ್ದರು. ಕೈಗೆ ಅಂಟಿದ ಲಿಂಬೆಯ ರಸ ಬೆರಳಿನ ಗಾಯಗಳಲ್ಲಿ ಚುರುಗುಟ್ಟುತ್ತಿತ್ತು.

ಭೀಮಸಿ ಬಂದದ್ದು ಆ ದಿನಗಳಲ್ಲೇ ಒಂದು ಬೆಳಿಗ್ಗೆ. ಕಂಕುಳಲ್ಲಿ ಕೋಲು, ಹಿಂದೆ ಟ್ರಂಕು ಹೊತ್ತ ಹೆಂಡತಿ. ಊರಿಗೆ ಹೊರಟಿದ್ದರು. ರಾಜೇಸಾಬರು ರೈಲಿಗೆ ಹತ್ತಿಸಲು ಕರೆದುಕೊಂಡು ಬಂದಿದ್ದರು, ಮುಖ ಎತ್ತಿ ನೋಡುತ್ತಿರಲಿಲ್ಲ. ನಾನು ಒಂದು ಗಾಡಿಯ ಮುಂದೆ ಮಂಡಿಯೂರಿ ಕೂತು ಹಣ್ಣಿಡುತ್ತಿದ್ದೆ. ಭೀಮಸಿ ಕೋಲಿನ ಮೇಲೆ ಭಾರ ಹಾಕಿ ನಿಂತು, ನಾನು ಗೆರೆ ಎಳೆಯುವುದನ್ನು, ಹಣ್ಣಿಟ್ಟು ಹಿಂದೆ ಸರಿಯುವುದನ್ನು, ಎರಡೂ ಒಟ್ಟಿಗೆ ಒಡೆಯುವುದನ್ನು ಪೂರ್ತಿ ನೋಡಿದ. ಗಾಡಿ ಹೋದ ಮೇಲೆ ಹತ್ತಿರ ಬಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ.

‘ಅವತ್ತ ನನ್ನ ಗಾಡಿಗ್ಯಾಕ ನೀವು ಇಡಲಿಲ್ರಿ ಅಣ್ಣಾರ?’

‘ಹೇಳಿದ್ನೆಲ್ಲೋ ತಮ್ಮಾ,’ ಎಂದೆ. ‘ದಾರಾ ನಿನ್ನ ಕೈಯಾಗ ಕೊಟ್ಟು ತೋರಿಸಿದ್ನೆಲ್ಲಾ. ಗಾಡಿ ಸೊಟ್ಟ ಐತಿ, ಹತ್ತಬ್ಯಾಡ ಅಂತ ಹೇಳಿದ್ನೆಲ್ಲಾ.’

‘ಹೇಳಿದ್ರಿ,’ ಎಂದ ಭೀಮಸಿ. ‘ಹಣ್ಣ ಇಡಲಿಲ್ಲ.’